ಸೂರ್ಯನಿಗೆ ಹತ್ತಿರ ಬುಧ, ಆದರೆ ಹೆಚ್ಚು ಕಾದಿರುವುದು ಶುಕ್ರ!

ಪ್ರಶ್ನೆ: ಮಗಳಿಗೆ ಪಾಠ ಹೇಳಿಕೊಡುವಾಗ ಸಿಕ್ಕಿಬಿದ್ದೆ. ಸೂರ್ಯನಿಗೆ ಅತಿ ಹತ್ತಿರದ ಗ್ರಹ ಬುಧ, ಅತಿ ಬಿಸಿಯ ಗ್ರಹ ಶುಕ್ರ ಎಂದು ಅವಳ ಪುಸ್ತಕದಲ್ಲಿದೆ. ಒಲೆಯ ಪಕ್ಕ ಕೂತವರಿಗೆ ತಾನೇ ಹೆಚ್ಚು ಶಾಖ ತಾಗುವುದು? ಇದು ಅಚ್ಚಿನ ತಪ್ಪೇ?

ಉತ್ತರ: ಅಚ್ಚಿನ ತಪ್ಪಲ್ಲ, ನಿಮ್ಮ ಒಲೆಯ ಲೆಕ್ಕವೂ ತಪ್ಪಲ್ಲ. ಸೂರ್ಯನಿಂದ ಬುಧ ಸರಾಸರಿ 5.8 ಕೋಟಿ ಕಿ.ಮೀ., ಶುಕ್ರ 10.8 ಕೋಟಿ, ಭೂಮಿ 15 ಕೋಟಿ ಕಿ.ಮೀ. ದೂರದಲ್ಲಿವೆ. ಬುಧನ ಮೇಲೆ ಬೀಳುವ ಬಿಸಿಲು ನಮ್ಮದರ ಆರು ಪಟ್ಟಿಗೂ ಹೆಚ್ಚು, ಶುಕ್ರನದು ಎರಡು ಪಟ್ಟಿಗೆ ತುಸು ಕಡಿಮೆ. ಆದರೆ ಒಲೆ ಎಷ್ಟು ಶಾಖ ಕೊಟ್ಟಿತು ಎಂಬುದು ಅರ್ಧ ಲೆಕ್ಕ ಮಾತ್ರ. ಬಂದ ಶಾಖ ಎಷ್ಟು ನಿಂತಿತು ಎಂಬುದನ್ನೂ ನೋಡಬೇಕು.

ಚಳಿಗಾಲದಲ್ಲಿ ಆಕಾಶ ತಿಳಿಯಾಗಿದ್ದ ರಾತ್ರಿ ಚಳಿ ಕೊರೆಯುತ್ತದೆ, ಮೋಡ ಕವಿದರೆ ಅಷ್ಟಿರುವುದಿಲ್ಲ. ಹೊಲದಲ್ಲಿ ಕಾವಲು ಮಲಗುವವರನ್ನು ಕೇಳಿ ನೋಡಿ. ಹಗಲು ಕಾದ ನೆಲ ತನ್ನ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಮೇಲಕ್ಕೆ ಬಿಡುತ್ತದೆ. ಮೋಡ ಅದನ್ನು ಹೀರಿಕೊಂಡು ಒಂದು ಪಾಲನ್ನು ನೆಲಕ್ಕೇ ಮರಳಿಸುತ್ತದೆ. ಕಂಬಳಿ ಹೊದ್ದಂತೆ.

ಬುಧನಿಗೆ ಇಂಥ ಹೊದಿಕೆಯೇ ಇಲ್ಲ. ಅಲ್ಲಿರುವ ಅನಿಲ ಲೆಕ್ಕಕ್ಕೆ ಸಿಗದಷ್ಟು ತೆಳು. ಹಾಗಾಗಿ ಹಗಲು 430 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುವ ನೆಲ ರಾತ್ರಿ ಸೊನ್ನೆಗಿಂತ 180 ಡಿಗ್ರಿ ಕೆಳಕ್ಕೆ ಇಳಿಯುತ್ತದೆ. ಧ್ರುವಗಳ ಬಳಿ ಎಂದೂ ಬಿಸಿಲು ಕಾಣದ ಕುಳಿಗಳಲ್ಲಿ ಮಂಜುಗಡ್ಡೆಯೂ ಇದೆ. 1991ರಲ್ಲಿ ಭೂಮಿಯಿಂದ ಕಳಿಸಿದ ರೇಡಾರ್ ಅಲೆಗಳು ಅದರ ಸುಳಿವು ಕೊಟ್ಟವು. 2011ರಿಂದ 2015ರವರೆಗೆ ಬುಧನನ್ನು ಸುತ್ತಿದ ಮೆಸೆಂಜರ್ ನೌಕೆ ಅದನ್ನು ಗಟ್ಟಿಮಾಡಿತು. ಸೂರ್ಯನ ಮಗ್ಗುಲಲ್ಲೇ ಮಂಜುಗಡ್ಡೆ!

ಶುಕ್ರನ ಕಥೆ ಇದಕ್ಕೆ ತದ್ವಿರುದ್ಧ. ಅದರ ಗಾಳಿಯಲ್ಲಿ ಶೇ 96ರಷ್ಟು ಇಂಗಾಲದ ಡೈಆಕ್ಸೈಡ್, ನೆಲದ ಮೇಲಿನ ಒತ್ತಡ ನಮ್ಮಲ್ಲಿಯದರ 90 ಪಟ್ಟಿಗೂ ಹೆಚ್ಚು. ಮೇಲೆ ಗಂಧಕಾಮ್ಲದ ಮೋಡ. ಈ ಮೋಡ ಬಿದ್ದ ಬಿಸಿಲಿನ ಮುಕ್ಕಾಲು ಪಾಲನ್ನು ಹಿಂದಕ್ಕೆ ಹೊಡೆಯುತ್ತದೆ. ನಮ್ಮ ಹಿರಿಯರು ಬೆಳಗಿನ ಜಾವ ಹೊತ್ತು ಗೊತ್ತುಮಾಡಿಕೊಳ್ಳುತ್ತಿದ್ದ ಬೆಳ್ಳಿಚುಕ್ಕಿ ಅಷ್ಟೊಂದು ಹೊಳೆಯುವುದೂ ಇದರಿಂದಲೇ. ಇಲ್ಲಿ ಒಂದು ಕ್ಷಣ ನಿಲ್ಲಿ: ಅಷ್ಟು ಬಿಸಿಲು ವಾಪಸಾಗುವುದರಿಂದ, ಪ್ರತಿ ಚದರ ಮೀಟರಿಗೆ ಶುಕ್ರ ಹೀರುವ ಬಿಸಿಲು ಭೂಮಿ ಹೀರುವುದಕ್ಕಿಂತ ಕಡಿಮೆ. ಆದರೂ ಅದರ ನೆಲ ಸುಮಾರು 465 ಡಿಗ್ರಿ, ಸೀಸ ಕರಗಿ ಹರಿಯುವಷ್ಟು. ಹಗಲಾದರೂ ಅಷ್ಟೇ, ರಾತ್ರಿಯಾದರೂ ಅಷ್ಟೇ. ಒಳಹೊಕ್ಕ ಸ್ವಲ್ಪ ಶಾಖವನ್ನೂ ಆ ದಪ್ಪ ಗಾಳಿ ಸುಲಭವಾಗಿ ಹೊರಗೆ ಬಿಡುವುದಿಲ್ಲ. 1982ರಲ್ಲಿ ಅಲ್ಲಿಳಿದ ಸೋವಿಯತ್ ನೌಕೆ ವೆನೆರಾ 13 ಕೆಲಸ ಮಾಡಿದ್ದು 127 ನಿಮಿಷ.

ಭೂಮಿ ಹಾಗೇಕಾಗಲಿಲ್ಲ ಎಂದು ಮಗಳು ಕೇಳಿದರೆ ಮನೆಯ ನೆಲ ತೋರಿಸಿ, ಅದು ಶಹಾಬಾದ್ ಕಲ್ಲಿನದಾಗಿದ್ದರೆ. ಕಲಬುರಗಿ ಜಿಲ್ಲೆಯ ಆ ಕಲ್ಲು ಸುಣ್ಣಕಲ್ಲು. ಭೂಮಿಯಲ್ಲಿರುವ ಇಂಗಾಲ ಹೆಚ್ಚುಕಡಿಮೆ ಶುಕ್ರನಲ್ಲಿ ಇರುವಷ್ಟೇ ಎಂದು ಅಂದಾಜು. ಆದರೆ ಇಲ್ಲಿ ಮಳೆ, ನದಿ, ಕಡಲು ಸೇರಿ ಗಾಳಿಯ ಇಂಗಾಲವನ್ನು ಕೋಟ್ಯಂತರ ವರ್ಷ ಹೀಗೆ ಕಲ್ಲಾಗಿಸಿ ಕೂರಿಸಿವೆ. ಶುಕ್ರನಲ್ಲಿ ಆ ನೀರಿಲ್ಲ, ಅನಿಲ ಗಾಳಿಯಲ್ಲೇ ಉಳಿದಿದೆ.

ಮಂಗಳನ ಗಾಳಿಯೂ ಬಹುಪಾಲು ಇದೇ ಅನಿಲ. ಆದರೆ ಒತ್ತಡ ನಮ್ಮಲ್ಲಿಯದರ ಶೇ 1ರಷ್ಟೂ ಇಲ್ಲ. ಕಂಬಳಿ ಎನ್ನಲಾಗದ ಆ ತೆಳುಬಟ್ಟೆ ಚಳಿ ತಡೆಯದು.

ಪ್ರಶ್ನೆ: ಶುಕ್ರನ ಒಂದು ದಿನ ಅದರ ಒಂದು ವರ್ಷಕ್ಕಿಂತ ದೊಡ್ಡದಂತೆ, ನಿಜವೇ?

ಉತ್ತರ: ದಿನ ಎಂದರೆ ಏನು ಎಂಬುದರ ಮೇಲೆ ನಿಂತಿದೆ. ಶುಕ್ರ ತನ್ನ ಸುತ್ತ ಒಮ್ಮೆ ತಿರುಗಲು ನಮ್ಮ 243 ದಿನ ಬೇಕು, ಸೂರ್ಯನನ್ನು ಸುತ್ತಲು 225 ದಿನ ಸಾಕು. ಆದರೆ ಅದು ತಿರುಗುವುದು ಉಲ್ಟಾ ದಿಕ್ಕಿಗೆ. ಅಲ್ಲಿ ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ, ಒಂದು ಸೂರ್ಯೋದಯದಿಂದ ಇನ್ನೊಂದಕ್ಕೆ ಸುಮಾರು 117 ದಿನ. ನಮಗೆಲ್ಲ ದಿನವೆಂದರೆ ಇದೇ ಅಲ್ಲವೇ? ಈ ಅಳತೆಯಲ್ಲಿ ವರ್ಷವನ್ನು ಮೀರಿಸುವುದು ಬುಧ: 88 ದಿನಕ್ಕೆ ಅದರ ವರ್ಷ ಮುಗಿಯುತ್ತದೆ, ಸೂರ್ಯೋದಯದಿಂದ ಸೂರ್ಯೋದಯಕ್ಕೆ 176 ದಿನ. ಒಂದು ದಿನದೊಳಗೆ ಸರಿಯಾಗಿ ಎರಡು ವರ್ಷ. ಕ್ವಿಜ್ ಪುಸ್ತಕಗಳಲ್ಲಿ ಶುಕ್ರನ ಜೊತೆ ಇದೂ ಇರಬೇಕೆಂಬುದು ನನ್ನ ಆಸೆ.

ಪ್ರಶ್ನೆ: ಬುಧನನ್ನು ಬರಿಗಣ್ಣಿನಿಂದ ನೋಡಬಹುದೇ?

ಉತ್ತರ: ಖಂಡಿತ. ಆದರೆ ಅದು ಸೂರ್ಯನಿಂದ 28 ಡಿಗ್ರಿಗಿಂತ ಆಚೆ ಸರಿಯುವುದಿಲ್ಲ. ಆದ್ದರಿಂದ ಸಂಜೆಯ ಪಶ್ಚಿಮದಲ್ಲೋ ಮುಂಜಾನೆಯ ಪೂರ್ವದಲ್ಲೋ, ದಿಗಂತದ ಬಳಿ, ಕೆಲವೇ ದಿನ ಕಾಣುತ್ತದೆ. ಮರ, ಕಟ್ಟಡ ಅಡ್ಡವಿಲ್ಲದ ಕೆರೆಯ ಏರಿ ಒಳ್ಳೆಯ ಜಾಗ. ಬೈನಾಕ್ಯುಲರ್ ಬಳಸುವುದಾದರೆ ಸಂಜೆ ಸೂರ್ಯ ಪೂರ್ತಿ ಮುಳುಗಿದ ಮೇಲಷ್ಟೇ ಎತ್ತಿ, ಮುಂಜಾನೆ ಸೂರ್ಯ ಹುಟ್ಟುವ ಮೊದಲೇ ಕೆಳಗಿಡಿ. ಅದರಲ್ಲಿ ಸೂರ್ಯ ಒಂದು ಕ್ಷಣ ಕಂಡರೂ ಕಣ್ಣು ಹೋದೀತು.