ಇಷ್ಟು ಕೆಟ್ಟ ಕಥೆ ದೇಶದ ಹೆಮ್ಮೆ ಹೇಗಾಯ್ತು?

ಪ್ರಶ್ನೆ: ಸಂಗೀತ ರಚನೆಕಾರ ಸಿಬೆಲಿಯಸ್‌ನ ‘ಕುಲ್ಲೆರ್ವೊ’ ಅನ್ನೋ ಆರ್ಕೆಸ್ಟ್ರಾ ಕೃತಿಯಲ್ಲಿ ಫಿನ್‌ಲ್ಯಾಂಡ್ ಜನರ ಸ್ವಭಾವಾನೇ ಇದೆ ಅಂತ ಓದಿದೆ. ಕಥೆ ನೋಡಿದ್ರೆ ಗೊತ್ತಿಲ್ದೆ ಸ್ವಂತ ತಂಗೀನೇ ಕೆಡಿಸಿ, ಕೊನೆಗೆ ಕತ್ತಿ ಮೇಲೆ ಬಿದ್ದು ಸಾಯೋ ಹುಡುಗಂದು. ಇದ್ರಲ್ಲಿ ಹೆಮ್ಮೆ ಪಡೋಕೆ ಏನಿದೆ ಸಾರ್?
— ಒಬ್ಬ ಓದುಗರು, ಮೈಸೂರು

ಉತ್ತರ: ಕಥೇಲಿ ಹುಡುಕಿದ್ರೆ ಸಿಗಲ್ಲ ಬಿಡಿ, ಕುಲ್ಲೆರ್ವೊ ಯಾರಿಗೂ ಆದರ್ಶ ಅಲ್ಲ. ಅದು ಯಾವ ಭಾಷೇಲಿ, ಯಾವ ಲಯದಲ್ಲಿ ಬಂತು ಅಂತ ನೋಡಿ. 1892ರ ಏಪ್ರಿಲ್ 28ಕ್ಕೆ ಹೆಲ್ಸಿಂಕಿಯಲ್ಲಿ ಇದು ಮೊದಲ ಸಲ ಕೇಳಿಸಿದಾಗ ದೇಶ ರಷ್ಯಾದ ಝಾರ್ ಕೈಕೆಳಗಿತ್ತು, ಓದಿದೋರ ಮನೇಲಿ ಹೆಚ್ಚಾಗಿ ಸ್ವೀಡಿಷ್ ನಡೀತಿತ್ತು. ಸಿಬೆಲಿಯಸ್ ಮನೆಮಾತೂ ಸ್ವೀಡಿಷ್ಷೇ, ಫಿನ್ನಿಷ್ ಕಲ್ತಿದ್ದು ಸ್ಕೂಲಲ್ಲಿ. ಅಂಥ 26ರ ಹುಡುಗ, ಎಲಿಯಾಸ್ ಲೆನ್‌ರೂಟ್ ಹಳ್ಳಿಹಾಡುಗಳನ್ನ ಕಲೆಹಾಕಿ ಕಟ್ಟಿದ ‘ಕಾಲೇವಾಲ’ ಅನ್ನೋ ಮಹಾಕಾವ್ಯದ ಸಾಲುಗಳನ್ನ ಎತ್ತಿ, ದೊಡ್ಡ ಆರ್ಕೆಸ್ಟ್ರಾ ಮುಂದೆ ಗಂಡಸರ ಕಾಯಿರ್ (ಒಟ್ಟಿಗೆ ಹಾಡೋ ಗುಂಪು) ಬಾಯಿಗೆ ಕೊಟ್ಬಿಟ್ಟ.

ಮೂರನೇ ಭಾಗ ಕೇಳಿ. ನೀಲಿ ಕಾಲುಚೀಲದ, ಹೊಂಬಣ್ಣದ ಕೂದಲಿನ ಕುಲ್ಲೆರ್ವೊ ಕಂದಾಯ ಕಟ್ಟಿ ಜಾರುಬಂಡಿ ಹತ್ತಿ ವಾಪಸ್ ಬರ್ತಿದ್ದಾನೆ, ಕಾಯಿರ್ ಅದನ್ನ ಒಟ್ಟಿಗೆ ಒಂದೇ ದನಿಯಾಗಿ ಹೇಳ್ಕೊಂಡು ಹೋಗುತ್ತೆ, ಐದು ಎಣಿಕೆ ತಾಳದಲ್ಲಿ. ಸಾಲಿಗೆ ಎಂಟು ಅಕ್ಷರ, ಕೊನೇ ಎರಡನ್ನ ಎಳೆದು ಹಾಡೋದು ಅಲ್ಲಿನ ಹಳ್ಳಿ ಹಾಡುಗಾರರ ರೂಢಿ, ಹಾಗಾಗಿ ಹತ್ತು ಅಕ್ಷರದಷ್ಟು ಹೊತ್ತಾಗಿ, ಎರಡಕ್ಕೊಂದು ಎಣಿಕೆಯಂತೆ ಲೆಕ್ಕ ಐದಕ್ಕೆ ಬರುತ್ತೆ. ಖಂಡ ಚಾಪು ಕೇಳಿ ಬೆಳೆದ ನಮಗೆ ಐದು ಹೊಸದಲ್ಲ, ಆದ್ರೆ ಆ ಕಾಲದ ಯುರೋಪಿನ ಸಿಂಫನಿ ಕೇಳೋರಿಗೆ ವಿಚಿತ್ರಾನೇ. ಸಿಬೆಲಿಯಸ್ ಪೋರ್ವೂ ಅನ್ನೋ ಊರಿಗೆ ಹೋಗಿ ಲಾರಿನ್ ಪಾರಸ್ಕೆ ಅನ್ನೋ ಹಾಡುಗಾರ್ತಿ ಬಾಯಲ್ಲೇ ಈ ಥರ ಹಾಡು ಕೇಳಿದ್ದ.

ಇನ್ನೊಂದು, ನನಗೆ ಇದೇ ಮುಖ್ಯ ಅನ್ಸುತ್ತೆ. ತಂಗಿ ಯಾರು ಅಂತ ಗೊತ್ತಾದಾಗ ಗೋಳಾಡೋದು ಒಂಟಿ ದನಿಯಲ್ಲಿ ಕುಲ್ಲೆರ್ವೊ. ಕಾಯಿರ್ ಮಾತ್ರ ನಡೆದಿದ್ದನ್ನ ಹೇಳುತ್ತೆ, ಬೈಯಲ್ಲ, ಸಮಾಧಾನಾನೂ ಮಾಡಲ್ಲ. ಕೊನೇ ಭಾಗದಲ್ಲಿ ಕುಲ್ಲೆರ್ವೊ ತಂಗೀನ ಕೆಡಿಸಿದ ಜಾಗಕ್ಕೇ ಮತ್ತೆ ಬರ್ತಾನೆ, ಅಲ್ಲಿ ಹುಲ್ಲೂ ಹುಟ್ಟಿಲ್ಲ, ಹೂವೂ ಅರಳಿಲ್ಲ. ಅದನ್ನೂ ಅದೇ ಗಟ್ಟಿ ದನೀಲಿ ಹೇಳ್ತಾರೆ. ದುಃಖ ಇಟ್ಕೊಂಡೂ ದನಿ ಬಿಡದೆ ನಿಲ್ಲೋ ಆ ಗುಣಾನ ಫಿನ್ನರು ತಮ್ಮದು ಅಂತ ಗುರುತಿಸಿದ್ರೆ ಒಪ್ಪಬಹುದು. ಎಲ್ಲದಕ್ಕೂ ‘ಸಿಸು’ (ಫಿನ್ನಿಷ್‌ನಲ್ಲಿ ಎದೆಗುಂದದ ಛಲ) ಅಂತ ಲೇಬಲ್ ಅಂಟಿಸೋ ಟೂರಿಸ್ಟ್ ಬುಕ್‌ಗಳನ್ನ ಮಾತ್ರ ನಂಬಬೇಡಿ.

ತಮಾಷೆ ಅಂದ್ರೆ 1893ರ ನಂತರ ಸಿಬೆಲಿಯಸ್ಸೇ ಇದನ್ನ ಪೂರ್ತಿ ನುಡಿಸೋಕೆ ಬಿಡ್ಲಿಲ್ಲ. ಅವನು ಸತ್ತ ಮೇಲೆ, 1958ರಲ್ಲಿ ಅಳಿಯ ಯುಸ್ಸಿ ಯಾಲಾಸ್ ಮತ್ತೆ ಪೂರ್ತಿಯಾಗಿ ನಡೆಸಿದ್ದು.

ಪ್ರಶ್ನೆ: ಎಲ್ಲಿಂದ ಶುರು ಮಾಡ್ಲಿ?
— ಅದೇ ಓದುಗರು

ಉತ್ತರ: ಪೂರ್ತಿ ಕೃತಿ ಒಂದು ಗಂಟೆ ಮೇಲೆ ಬರುತ್ತೆ, ಐದು ಭಾಗದಲ್ಲಿ ಕಾಯಿರ್ ಇರೋದು ಮೂರು ಮತ್ತು ಐದರಲ್ಲಿ ಮಾತ್ರ. ಮೂರರಿಂದ್ಲೇ ಶುರು ಮಾಡಿ, ಕಂಡಕ್ಟರ್ ಪಾವೊ ಬೆರ್ಗ್ಲುಂಡ್ 1970ರಲ್ಲಿ ಮಾಡಿದ ರೆಕಾರ್ಡಿಂಗ್ ಚೆನ್ನಾಗಿದೆ. ಸಾಲುಗಳ ಇಂಗ್ಲಿಷ್ ಅನುವಾದ ಪಕ್ಕದಲ್ಲಿಟ್ಕೊಳ್ಳಿ, ಇಲ್ಲಾಂದ್ರೆ ಚಿಕ್ಕೋಳಿದ್ದಾಗ ಹಣ್ಣು ಕೀಳೋಕೆ ಹೋಗಿ ಕಾಡಲ್ಲಿ ದಾರಿ ತಪ್ಪಿದ್ದನ್ನ ತಂಗಿ ಹೇಳೋ ಉದ್ದನೆ ಹಾಡು ಬೋರ್ ಹೊಡೆಯುತ್ತೆ.