ಮಾವನ ತೋಟದ ಸುಣ್ಣ

ಪ್ರಶ್ನೆ: ಹೊಸದುರ್ಗದ ಹತ್ತಿರ ಎರೆಮಣ್ಣಿನಲ್ಲಿ ಅಡಿಕೆ ಹಾಕಿ ಮೂರು ವರ್ಷವಾಯಿತು. ಬೋರ್‌ವೆಲ್ ನೀರು, ಡ್ರಿಪ್. ಈಗ ಸುಳಿಯಿಂದ ಬಿಚ್ಚುವ ಹೊಸ ಗರಿಯೇ ಬಿಳಿಚಿಕೊಂಡು ಬರುತ್ತಿದೆ. ಕೆಳಗಿನ ಹಳೇ ಗರಿ ಹಸಿರಾಗಿದೆ. ಮಣ್ಣಿನ ರಸಸಾರ (pH) 8.4 ಎಂದು ವರದಿ ಬಂತು. ತೀರ್ಥಹಳ್ಳಿಯ ನಮ್ಮ ಮಾವ ಗಿಡಕ್ಕೆ ಅರ್ಧ ಕೆಜಿ ಸುಣ್ಣ ಹಾಕು ಅನ್ನುತ್ತಾರೆ. ಹಾಕಲೇ ಸರ್?

ಉತ್ತರ: ದಯವಿಟ್ಟು ಹಾಕಬೇಡಿ. ಮಾವ ಹೇಳಿದ್ದು ಅವರ ಮಣ್ಣಿಗೆ ಸರಿ. ನಾನೂ ಮಲೆನಾಡಿನವನೇ. ಅಲ್ಲಿ ಮಳೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೆಲ್ಲ ತೊಳೆದು ಮಣ್ಣನ್ನು ಹುಳಿ ಮಾಡುತ್ತದೆ. ರಸಸಾರ 5.5ಕ್ಕಿಂತ ಇಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಮೊಂಡಾಗುತ್ತದೆ. ಸುಣ್ಣ ಬೇಕಾಗುವುದು ಅದಕ್ಕೆ.

ನಿಮ್ಮ ರಸಸಾರ 8.4 ಎಂದರೆ ಮಣ್ಣು ಹುಳಿಯಲ್ಲ, ಕ್ಷಾರ; ಅಲ್ಲಿ ಸುಣ್ಣವೇ ಹೆಚ್ಚಾಗಿರುವ ಹಾಗಿದೆ. ಒಂದು ಹಿಡಿ ಒಣಮಣ್ಣಿನ ಮೇಲೆ ವಿನೆಗರ್ ಬಿಟ್ಟು ನೋಡಿ, ಬುರುಬುರು ನೊರೆ ಬಂದರೆ ಖಾತ್ರಿ. ಡ್ರಿಪ್ ತೂತಿನ ಸುತ್ತ ಬಿಳಿ ಕಟ್ಟುತ್ತಿದ್ದರೆ ನೀರಿನ ಜೊತೆಗೂ ಸುಣ್ಣ ಬುಡ ಸೇರುತ್ತಿದೆ ಎಂದರ್ಥ.

ಗರಿ ಹಸಿರಾಗಲು ಕಬ್ಬಿಣ ಬೇಕು; ಇಂಥ ಮಣ್ಣಿನಲ್ಲಿ ಅದು ಇದ್ದರೂ ಬೇರಿಗೆ ಸಿಗುವುದಿಲ್ಲ. ರಸಸಾರ ಒಂದೇ ಒಂದು ಅಂಕ ಏರಿದರೆ ಫೆರಿಕ್ ಕಬ್ಬಿಣ (ತುಕ್ಕಿನಲ್ಲಿರುವಂಥ ರೂಪ) ಕರಗುವುದು ಸಾವಿರ ಪಟ್ಟು ಕುಸಿಯುತ್ತದೆ. ಹಳೇ ಗರಿಯ ಕಬ್ಬಿಣವನ್ನು ಗಿಡ ಸುಳಿಗೆ ಸಾಗಿಸಲಾರದು, ಹಾಗಾಗಿ ಹೊಸ ಗರಿ ಬಿಳಿಚುತ್ತದೆ. ಮೆಗ್ನೀಸಿಯಂ ಕೊರತೆಯಾಗಿದ್ದರೆ ಹಳೇ ಗರಿಯೇ ಮೊದಲು ಹಳದಿಯಾಗುತ್ತಿತ್ತು. ಯಾವ ಗರಿ ಎಂದು ನೀವು ನೋಡಿ ಬರೆದದ್ದು ಬಹಳ ಉಪಕಾರವಾಯಿತು.

ಮೊದಲು ನೀರು ಕಡಿಮೆ ಮಾಡಿ. ಎರೆಮಣ್ಣು ಸದಾ ಒದ್ದೆಯಿದ್ದರೆ ಕಬ್ಬಿಣ ಸಿಗದಂತೆ ತಡೆಯುವ ಬೈಕಾರ್ಬೊನೇಟ್ ಎಂಬ ಲವಣಾಂಶ ಹೆಚ್ಚಿ ಬಿಳಿಚುವುದು ಜೋರಾಗುತ್ತದೆ. ಬಸಿಗಾಲುವೆ ಇಲ್ಲದಿದ್ದರೆ ಈ ಬೇಸಿಗೆಯಲ್ಲೇ ತೆಗೆಸಿ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್), ನಾಲ್ಕು ಹನಿ ನಿಂಬೆರಸ ಬೆರೆಸಿ ಸಂಜೆ ಹೊತ್ತು ಗರಿಗೆ ಹೊಡೆಯಿರಿ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಬುಡಕ್ಕೆ ಬರೀ ಅನ್ನಭೇದಿ ಚೆಲ್ಲಿದರೆ ಅದೂ ಬೇಗ ಬೇರಿಗೆ ಸಿಗದಂತೆ ಕಟ್ಟಿಹೋಗುತ್ತದೆ. ಕೊಳೆತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿಯೇ ಕೊಡಿ. ಮಳೆ ಬಿದ್ದೊಡನೆ ಸಾಲಿನ ನಡುವೆ ಸೆಣಬು ಬಿತ್ತಿ, ಹೂ ಬರುವ ಹೊತ್ತಿಗೆ ಕತ್ತರಿಸಿ ಬುಡಕ್ಕೆ ಹಾಕಿ. ಗಂಧಕ ಹಾಕಿ ರಸಸಾರ ಇಳಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸುಣ್ಣ ತುಂಬಿದ ಮಣ್ಣಿನಲ್ಲಿ ಅದಕ್ಕೆ ಸುರಿದಷ್ಟೂ ದುಡ್ಡು ಸಾಲದು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ತಮ್ಮ ಚನ್ನಗಿರಿ ಕಡೆ ಜಮೀನು ಕೊಂಡಾಗ ಊರಿನ ಅಭ್ಯಾಸದಂತೆ ನಾನೇ ನಿಂತು ಸುಣ್ಣ ಹಾಕಿಸಿದೆ. ಗಿಡಗಳು ಎರಡು ವರ್ಷ ಏಳಲೇ ಇಲ್ಲ. ಆ ಬಿಳಿಚಿದ ಸುಳಿಗಳು ಇನ್ನೂ ಕಣ್ಣಿಗೆ ಕಟ್ಟಿದಂತಿವೆ.

ಬೋರ್ ನೀರನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಮುಂದೆ ಬಿಚ್ಚುವ ಗರಿಯ ಬಣ್ಣ ನೋಡಿ ನನಗೆ ಬರೆಯಿರಿ.