ಮಗುವಿನ ಗಂಟಲಿಗೆ ಎಲ್‌ಎಂಎ: ನೇರವಾಗಿಯೋ, ತಿರುಗಿಸಿಯೋ?

ಪ್ರಶ್ನೆ: ನಾಲ್ಕು ವರ್ಷದ ನಮ್ಮ ಮಗನಿಗೆ ಹರ್ನಿಯಾ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಅರಿವಳಿಕೆ ಕೊಟ್ಟ ಮೇಲೆ ಉಸಿರಾಟಕ್ಕಾಗಿ ಗಂಟಲಿಗೆ ‘ಎಲ್‌ಎಂಎ’ ಹಾಕುವುದಾಗಿ ಡಾಕ್ಟರು ಹೇಳಿದರು. ಅದನ್ನು ನೇರವಾಗಿ ಹಾಕುವ ಕ್ರಮವೂ ತಿರುಗಿಸಿ ಹಾಕುವ ಕ್ರಮವೂ ಇದೆಯೆಂದು ಓದಿ ಆತಂಕವಾಗಿದೆ. ತಿರುಗಿಸಿದರೆ ಗಂಟಲಿಗೆ ಗಾಯವಾಗುವುದಿಲ್ಲವೇ? ಮಕ್ಕಳಿಗೆ ಯಾವುದು ಒಳ್ಳೆಯದು?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಆತಂಕ ಸಹಜವಾದದ್ದೇ. ಲ್ಯಾರಿಂಜಿಯಲ್ ಮಾಸ್ಕ್ ಏರ್‌ವೇ (ಎಲ್‌ಎಂಎ) ಎಂಬ ಈ ಸಾಧನವನ್ನು ಬ್ರಿಟನ್ನಿನ ಅರಿವಳಿಕೆ ತಜ್ಞ ಡಾ. ಆರ್ಚಿ ಬ್ರೈನ್ 1980ರ ದಶಕದ ಆರಂಭದಲ್ಲಿ ರೂಪಿಸಿದರು. ಇದು ಶ್ವಾಸನಾಳದೊಳಗೆ ಇಳಿಯುವುದಿಲ್ಲ. ಧ್ವನಿಪೆಟ್ಟಿಗೆಯ ಬಾಯಿಯ ಸುತ್ತ ಕೂತು ಉಸಿರಿಗೆ ದಾರಿ ಮಾಡಿಕೊಡುತ್ತದೆ.

ಬ್ರೈನ್ ಅವರು ಹೇಳಿದ ಮೂಲ ವಿಧಾನದಲ್ಲಿ ಕಫ್‌ನ (ಮಾಸ್ಕಿನ ಅಂಚಿಗಿರುವ, ಗಾಳಿ ತುಂಬುವ ಉಂಗುರದ) ಗಾಳಿ ತೆಗೆದು, ತೋರುಬೆರಳಿನಿಂದ ಮಾಸ್ಕನ್ನು ಅಂಗುಳಕ್ಕೆ ಒತ್ತಿಕೊಂಡೇ ಒಳಕ್ಕೆ ಜಾರಿಸುತ್ತಾರೆ. ವಯಸ್ಕರಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಮಕ್ಕಳಲ್ಲಿ ಬಾಯಿಯ ಅಳತೆಗೆ ನಾಲಿಗೆ ದೊಡ್ಡದು, ಧ್ವನಿಪೆಟ್ಟಿಗೆ ಮೇಲೆ ಇರುತ್ತದೆ, ನಿಮ್ಮ ಮಗನ ವಯಸ್ಸಿನಲ್ಲಂತೂ ಟಾನ್ಸಿಲ್‌ಗಳು ಉಬ್ಬಿರುವುದೇ ಹೆಚ್ಚು. ಹೀಗಾಗಿ ಮಾಸ್ಕಿನ ತುದಿ ಗಂಟಲಿನ ಹಿಂಬದಿಯ ತಿರುವಿನಲ್ಲಿ ತಡೆದು ಮಡಚಿಕೊಳ್ಳಬಹುದು. ತಿರುಗಿಸುವ ವಿಧಾನದಲ್ಲಿ ಮಾಸ್ಕಿನ ತೆರೆದ ಮುಖವನ್ನು ಅಂಗುಳದ ಕಡೆಗಿಟ್ಟು ಒಳಗೆ ಕಳುಹಿಸಿ, ಗಂಟಲಿನ ಹಿಂಭಾಗಕ್ಕೆ ತಲುಪಿದಾಗ 180 ಡಿಗ್ರಿ ತಿರುಗಿಸುತ್ತಾರೆ. ಆ ತಿರುವು ದಾಟಲು ಇದು ಅನುಕೂಲ. ಚಂಡೀಗಢದ ಪಿಜಿಐ ಆಸ್ಪತ್ರೆಯ ವೈದ್ಯರು ಮಕ್ಕಳಲ್ಲಿ ಈ ಎರಡನ್ನೂ, ಕಫ್‌ನಲ್ಲಿ ಸ್ವಲ್ಪ ಗಾಳಿ ಉಳಿಸಿ ಬದಿಯಿಂದ ಹಾಕುವ ಮೂರನೆಯ ವಿಧಾನವನ್ನೂ ಹೋಲಿಸಿ ನೋಡಿದ್ದಾರೆ. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೊದಲ ಯತ್ನದಲ್ಲೇ ಹೆಚ್ಚು ಸಫಲವಾದದ್ದು ತಿರುಗಿಸುವ ವಿಧಾನ.

ಗಾಯದ ಭಯಕ್ಕೆ ಉತ್ತರವೂ ಇಲ್ಲಿಯೇ ಇದೆ. ಗಂಟಲಿಗೆ ನೋವು, ಊತ, ರಕ್ತಸ್ರಾವ ಆಗುವುದು ಬಹುಮಟ್ಟಿಗೆ ಮತ್ತೆ ಮತ್ತೆ ಯತ್ನಿಸಿದಾಗ ಮತ್ತು ಬಲ ಹಾಕಿದಾಗ. ಅರಿವಳಿಕೆ ಸಾಕಷ್ಟು ಗಾಢವಾಗುವ ಮೊದಲೇ ಹಾಕಿದರೆ ಧ್ವನಿತಂತುಗಳು ಬಿಗಿದುಕೊಳ್ಳುವ ಅಪಾಯವಿದೆ, ಅದು ನಿಜಕ್ಕೂ ಗಂಭೀರ. ಹಾಗಾಗಿ ನಿರ್ದಿಷ್ಟ ವಿಧಾನಕ್ಕಾಗಿ ಡಾಕ್ಟರನ್ನು ಒತ್ತಾಯಿಸಬೇಡಿ. ತಮಗೆ ಚೆನ್ನಾಗಿ ಕೈಗೂಡಿದ ವಿಧಾನದಲ್ಲಿ ಅವರು ಹಾಕುವುದೇ ಮಗುವಿಗೆ ಕ್ಷೇಮ. ಅಳತೆಯನ್ನು ತೂಕ ನೋಡಿ ಆರಿಸುತ್ತಾರೆ (10ರಿಂದ 20 ಕಿಲೋ ಇದ್ದರೆ 2ನೇ ಸೈಜ್). ಸರಿಯಾಗಿ ಕೂತಿದೆಯೇ ಎಂಬುದನ್ನು ಎದೆಯ ಏರಿಳಿತ ಮತ್ತು ಹೊರಬರುವ ಇಂಗಾಲದ ಡೈಆಕ್ಸೈಡಿನಿಂದ ಖಚಿತಪಡಿಸಿಕೊಳ್ಳುತ್ತಾರೆ.

ನೀವು ಹೇಳಲೇಬೇಕಾದ ಸಂಗತಿಗಳು ಬೇರೆ ಇವೆ: ಹಲ್ಲು ಅಲ್ಲಾಡುತ್ತಿದೆಯೇ, ರಾತ್ರಿ ಗೊರಕೆ ಹೊಡೆಯುತ್ತಾನೆಯೇ, ಕೊನೆಯ ಬಾರಿ ಏನು ತಿಂದ, ಎಷ್ಟು ಹೊತ್ತಿಗೆ. ಎಲ್‌ಎಂಎ ಹೊಟ್ಟೆಯಿಂದ ಮೇಲೆ ಬಂದದ್ದನ್ನು ಪೂರ್ತಿ ತಡೆಯಲಾರದು, ಆದ್ದರಿಂದ ಉಪವಾಸದ ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಿ. ಕಳೆದ ಎರಡು ವಾರಗಳಲ್ಲಿ ನೆಗಡಿ, ಕೆಮ್ಮು ಬಂದಿದ್ದರೆ ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆಯಾದರೂ ಸರಿ, ಮುಚ್ಚಿಡದೆ ಹೇಳಿ. ಹರ್ನಿಯಾ ಸಿಕ್ಕಿಕೊಂಡಿಲ್ಲವಾದರೆ (ಅಂದರೆ ಉಬ್ಬು ಒಳಗೆ ಹೋಗದೆ ಸಿಲುಕಿಲ್ಲವಾದರೆ) ಶಸ್ತ್ರಚಿಕಿತ್ಸೆಯನ್ನು ಕೆಲವು ವಾರ ಮುಂದೂಡಬಹುದು.